ಗ್ರೀಸ್ ಗನ್ ಸೋರದಂತೆ ಬಳಸುವುದು, ತೆಗೆದಿಡುವುದು

ಟ್ರ್ಯಾಕ್ಟರಿನ ಟೂಲ್ ಬಾಕ್ಸ್ ತೆರೆದರೆ ಪಾನಾ, ಪಿನ್ನು, ಬೋಲ್ಟು ಎಲ್ಲಕ್ಕೂ ಜಿಡ್ಡು ಮೆತ್ತಿರುತ್ತದೆ. ಬೈಗುಳವೆಲ್ಲ ಗ್ರೀಸಿಗೆ. ತಪ್ಪು ಮಾತ್ರ ಗ್ರೀಸ್ ಗನ್ನಿನ, ಅಂದರೆ ಗ್ರೀಸ್ ಹೊಡೆಯುವ ಕೈಪಂಪಿನ, ಹಿಂಬದಿಯ ಸ್ಪ್ರಿಂಗಿನದು. ಲಿವರ್ ಒತ್ತಲಿ ಬಿಡಲಿ, ಆ ಸ್ಪ್ರಿಂಗ್ ಬ್ಯಾರಲ್ಲಿನೊಳಗಿನ (ಗನ್ನಿನ ಕೊಳವೆಯೊಳಗಿನ) ಗ್ರೀಸನ್ನು ಹಗಲೂ ರಾತ್ರಿ ಒತ್ತುತ್ತಲೇ ಇರುತ್ತದೆ. ಗ್ರೀಸ್ ಅಂದರೆ ಸೋಪಿನಂಥ ಪದಾರ್ಥ ತನ್ನೊಳಗೆ ಹಿಡಿದಿಟ್ಟುಕೊಂಡ ಎಣ್ಣೆ. ಸದಾ ಹಿಂಡಿದರೆ ಎಣ್ಣೆ ಬೇರ್ಪಟ್ಟು ಸಂದುಗಳಿಂದ ಸೋರುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಕಬ್ಬಿಣದ ಪೆಟ್ಟಿಗೆಯೊಳಗಂತೂ ಕೇಳುವುದೇ ಬೇಡ. ಒಳಗೆ ಉಳಿಯುವುದು ಒಣಗಿದ ಮಡ್ಡಿ, ಅದೇ ಮುಂದೆ ನಿಪ್ಪಲ್, ಅಂದರೆ ಯಂತ್ರದಲ್ಲಿ ಗ್ರೀಸ್ ಒಳಹೋಗುವ ಪುಟ್ಟ ಮೊಳೆಯಂಥ ಬಾಯಿ, ಕಟ್ಟಿಕೊಳ್ಳುವಂತೆ ಮಾಡುತ್ತದೆ.

ಹಾಗಾಗಿ ಕೆಲಸ ಮುಗಿದ ಕೂಡಲೇ ಹಿಂಬದಿಯ ಸರಳನ್ನು ಪೂರ್ತಿ ಎಳೆದು, ಪಕ್ಕಕ್ಕೆ ವಾಲಿಸಿ ಮುಚ್ಚಳದ ಕಚ್ಚಿಗೆ ಸಿಕ್ಕಿಸಿ. ಎಳೆಯುವಾಗ ಬಿಗಿ ಅನ್ನಿಸಿದರೆ ಬ್ಯಾರಲ್ಲನ್ನು ತಲೆಯಿಂದ (ಲಿವರ್ ಇರುವ ಮುಂಭಾಗದಿಂದ) ಒಂದು ಸುತ್ತು ಸಡಿಲಿಸಿ. ಗಾಳಿ ಒಳಹೋಗಿ ಸಲೀಸಾಗಿ ಬರುತ್ತದೆ. ಆಮೇಲೆ ಬಿಗಿ ಮಾಡಿ. ಮುಂದಿನ ಸಲ ಗಾಳಿ ತೆಗೆಯುವ ಕೆಲಸ ಒಂದು ಹೆಚ್ಚಾಗುತ್ತದೆ, ಅಷ್ಟೇ.

ಅರ್ಧ ಗಲೀಜು ಆಗುವುದು ತುಂಬುವಾಗ. ಕೈಯಿಂದ ಬ್ಯಾರಲ್ಲಿಗೆ ಗ್ರೀಸ್ ತುರುಕಿದರೆ ನಡುನಡುವೆ ಗಾಳಿಯ ಪೊಳ್ಳು ಉಳಿಯುತ್ತದೆ. ಡಬ್ಬಿಯಿಂದ ಎಳೆದು ತುಂಬುವುದೇ ಸರಿ. ಮೊದಲು ಡಬ್ಬಿಯಲ್ಲಿನ ಗ್ರೀಸನ್ನು ಮರದ ಪಟ್ಟಿಯಿಂದ ಒತ್ತಿ ಮಟ್ಟ ಮಾಡಿ. ತಲೆ ಬಿಚ್ಚಿ, ಬ್ಯಾರಲ್ಲಿನ ಬಾಯಿಯನ್ನು ಎರಡು ಇಂಚು ಒಳಗೆ ಅದ್ದಿ ಸರಳನ್ನು ನಿಧಾನವಾಗಿ ಎಳೆಯಿರಿ. ಗ್ರೀಸ್ ಒಳಗೆ ಏರಿದಂತೆ ಬಾಯಿಯನ್ನೂ ಕೆಳಕ್ಕೆ ಒತ್ತುತ್ತಿರಬೇಕು. ಒಮ್ಮೆ ಮೇಲೆ ಬಂದರೂ ಗಾಳಿ ಹೊಕ್ಕಿತು. ಸರಳನ್ನು ಸಿಕ್ಕಿಸಿ, ಬ್ಯಾರಲ್ಲಿನ ಹೊರಮೈ ಮತ್ತು ಮರೆಗಳನ್ನು (ತಿರುಪಿನ ಸುರುಳಿ ಗೆರೆಗಳನ್ನು) ಈಗಲೇ ಒರೆಸಿ. ತಲೆಯನ್ನು ಪೂರ್ತಿ ಬಿಗಿ ಮಾಡದೆ ಒಂದು ಸುತ್ತು ಬಿಟ್ಟು, ಸರಳು ಬಿಡಿಸಿ. ಸ್ಪ್ರಿಂಗ್ ಒತ್ತಿದಂತೆ ಮರೆಯ ಸಂದಿನಿಂದ ಗಾಳಿ ಬರುತ್ತದೆ. ಗ್ರೀಸ್ ಇಣುಕಿದಾಗ ಬಿಗಿ ಮಾಡಿ, ಸರಳನ್ನು ಒಳಗೆ ತಳ್ಳಿ.

ಗ್ರೀಸು ಬ್ಯಾರಲ್ಲಿನ ಹಿಂಬದಿಯಿಂದ ಬರುತ್ತಿದ್ದರೆ ಒಳಗಿನ ರಬ್ಬರ್ ಬಟ್ಟಲನ್ನು ನೋಡಿ. ಡಬ್ಬಿಯಿಂದ ತುಂಬುವಾಗ ಅದರ ಬಾಯಿ ತಲೆಯ ಕಡೆಗಿರಬೇಕು, ಕಾರ್ಟ್ರಿಡ್ಜ್ (ಗ್ರೀಸ್ ತುಂಬಿಯೇ ಬರುವ ಕೊಳವೆ) ಹಾಕುವಾಗ ಹಿಂದಕ್ಕೆ. ಅಂಚು ಹರಿದಿದ್ದರೆ ಬಟ್ಟಲನ್ನೇ ಬದಲಿಸಿ.

ಗನ್ನಿಗೆ 2 ನಂಬರಿನ ಲಿಥಿಯಂ ಗ್ರೀಸ್ ಅನುಕೂಲ; ಅದಕ್ಕಿಂತ ಗಟ್ಟಿಯಾದ 3 ನಂಬರು ಚಳಿಗಾಲದ ಬೆಳಿಗ್ಗೆ ಸರಿಯಾಗಿ ಏರುವುದಿಲ್ಲ. ಬಣ್ಣ ನೋಡಿ ಗ್ರೀಸ್ ಬೆರೆಸಬೇಡಿ. ಕೆಂಪು, ನೀಲಿ ಎಲ್ಲ ಬರೀ ಬಣ್ಣ. ಲಿಥಿಯಂ ಗ್ರೀಸಿಗೆ ಜೇಡಿಯಿಂದ ಮಾಡಿದ ಗ್ರೀಸ್ ಸೇರಿದರೆ ಎರಡೂ ನೀರಾಗಿ ಹರಿಯಬಹುದು. ಒಳಗಿರುವುದು ಯಾವುದೆಂದು ಬ್ಯಾರಲ್ಲಿನ ಮೇಲೆ ಮಾರ್ಕರಿನಿಂದ ಬರೆದುಬಿಡಿ.

ಗ್ರೀಸ್ ಹೊಡೆಯುವ ಮೊದಲು ಇಂಜಿನ್ ನಿಲ್ಲಿಸಿ ಕೀಲಿ ತೆಗೆಯಿರಿ. ನಿಪ್ಪಲ್ ಒರೆಸದೆ ಗನ್ ಹಚ್ಚಿದರೆ ಅದರ ಮೇಲಿನ ಕೆಸರೇ ಮೊದಲು ಬೇರಿಂಗ್ ಸೇರುತ್ತದೆ. ಮೂತಿಯನ್ನು ನೇರವಾಗಿ ಒತ್ತಿ, ಟಕ್ ಅನ್ನುವವರೆಗೆ. ಗ್ರೀಸು ಪಕ್ಕಕ್ಕೆ ಚಿಮ್ಮಿದರೆ ಮೂತಿಯ ಹಲ್ಲು ಸವೆದಿದೆ, ಇಲ್ಲವೇ ನಿಪ್ಪಲ್ ಕಟ್ಟಿದೆ. ಲಿವರಿನ ಮೇಲೆ ಮೈಭಾರ ಹಾಕಬೇಡಿ. ನಿಪ್ಪಲ್ ಬದಲಿಸಿ, ಅದೇನು ದುಬಾರಿಯಲ್ಲ. ಕೈ ಗನ್ನಿನಲ್ಲೂ ಸಾವಿರಾರು ಪಿಎಸ್‌ಐ ಒತ್ತಡ ಹುಟ್ಟುತ್ತದೆ. ಬಿರುಕುಬಿಟ್ಟ ರಬ್ಬರ್ ಪೈಪನ್ನು ಕೈಯಲ್ಲಿ ಹಿಡಿದು ಪಂಪ್ ಮಾಡಿದರೆ ಗ್ರೀಸು ಚರ್ಮದೊಳಗೆ ಹೊಗಬಹುದು. ಗಾಯ ಸೂಜಿಮೊನೆಯಷ್ಟೇ ಕಂಡರೂ, ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳೇ ಹೋಗಬಹುದು.

ಮೂತಿ ಬಿಡಿಸುವಾಗ ನೇರವಾಗಿ ಜಗ್ಗದೆ ಒಂದು ಪಕ್ಕಕ್ಕೆ ವಾಲಿಸಿ ಎಳೆಯಿರಿ. ಆಗಲೂ ಬಾರದಿದ್ದರೆ ಪೈಪಿನ ಜಾಯಿಂಟನ್ನು ಬಟ್ಟೆ ಸುತ್ತಿ ತುಸು ಸಡಿಲಿಸಿದರೆ ಒತ್ತಡ ಇಳಿಯುತ್ತದೆ.

ಎಷ್ಟು ಹೊಡೆಯಬೇಕು? ನಿಮ್ಮ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆಂದು ಒಮ್ಮೆ ತೂಗಿ: ಕಾಗದದ ಮೇಲೆ ಹತ್ತು ಒತ್ತು, ಹತ್ತರಿಂದ ಭಾಗಿಸಿ. ಬಹುಪಾಲು ಗನ್ನುಗಳಲ್ಲಿ 1 ಗ್ರಾಂ ಆಸುಪಾಸು. ರೋಟವೇಟರ್ ಶಾಫ್ಟಿನ ಕ್ರಾಸಿಗೆ (ಕೂಡುಭಾಗದ ಕೂಡುಗುರುತಿನಾಕಾರದ ತುಂಡಿಗೆ) ನಾಲ್ಕೂ ಕಡೆಯಿಂದ ಹೊಸ ಗ್ರೀಸ್ ಇಣುಕುವವರೆಗೆ. ಕೆಸರುಗದ್ದೆಯ ಕೆಲಸವಾದರೆ ದಿನಾ ಸಂಜೆ ಹೊಡೆಯಿರಿ, ಒಳಹೊಕ್ಕ ನೀರು ಆಚೆ ಬರುತ್ತದೆ. ಮುಂದಿನ ಆಕ್ಸಲ್ಲಿನ ಕಿಂಗ್ ಪಿನ್ನಿಗೆ (ಮುಂದಿನ ಚಕ್ರ ಅತ್ತಿತ್ತ ತಿರುಗುವ ಪಿನ್ನಿಗೆ) ಜಾಕ್ ಕೊಟ್ಟು ಎತ್ತಿ ಹೊಡೆಯಿರಿ. ಭಾರ ಕೂತಿದ್ದರೆ ಸವೆಯುವ ಮಗ್ಗುಲಿಗೇ ಗ್ರೀಸ್ ಮುಟ್ಟುವುದಿಲ್ಲ. ಆಯಿಲ್ ಸೀಲ್ ಇರುವ ಬೇರಿಂಗಿಗೆ ಎರಡು ಮೂರು ಒತ್ತು ಸಾಕು. ಹೆಚ್ಚಾದರೆ ಸೀಲ್ ಹೊರಕ್ಕೆ ತಿರುಚಿಕೊಂಡು ಧೂಳಿಗೆ ದಾರಿಯಾಗುತ್ತದೆ.

ತೆಗೆದಿಡಲು 75 ಮಿಮೀ ಪಿವಿಸಿ ಪೈಪಿನ ತುಂಡು ಸಾಕು. ಸರಳು ಹೊರಗೆ ಎಳೆದಿರುವುದರಿಂದ ಒಂದಡಿ ಸಾಲದು, ಎರಡಡಿ ಬೇಕು. ಕೆಳಗೆ ಎಂಡ್ ಕ್ಯಾಪ್ ಹಾಕಿ, ನೆರಳಿನ ಗೋಡೆಗೆ ಎರಡು ಕ್ಲ್ಯಾಂಪಿನಿಂದ ನೆಟ್ಟಗೆ ಕೂರಿಸಿ. ಗನ್ನನ್ನು ಸರಳು ಕೆಳಗಾಗಿ ಇಳಿಸಿದರೆ ತಲೆ ಪೈಪಿನ ಬಾಯಿಗೆ ಕೂರುತ್ತದೆ, ಸೋರಿದ ಎಣ್ಣೆ ಕ್ಯಾಪಿನಲ್ಲಿ ನಿಲ್ಲುತ್ತದೆ. ರಬ್ಬರ್ ಪೈಪನ್ನು ಮೇಲಕ್ಕೆ ಕಟ್ಟಿ, ಮೂತಿಗೆ ಪುಟ್ಟ ಮಾತ್ರೆ ಡಬ್ಬಿಯೊಂದನ್ನು ಮಗುಚಿ.

ನೆಲಕ್ಕೆ ಬಿದ್ದದ್ದಕ್ಕೆ ನೀರು ಹಾಕಬೇಡಿ. ಕೆರೆದು ತೆಗೆದು ಮರದ ಹೊಟ್ಟು ಉದುರಿಸಿ. ಒರೆಸಿದ ಬಟ್ಟೆ ಬಣವೆಯ ಹತ್ತಿರ, ದನದ ಮೇವಿನ ಹತ್ತಿರ ಇರಕೂಡದು. ಕೈಗೆ ಸೀಮೆಎಣ್ಣೆ, ಡೀಸೆಲ್ ಬೇಡ, ಚರ್ಮ ಒಡೆಯುತ್ತದೆ. ಒಣಗೈಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು.