ಲೆಕ್ಕ ಬರೆದ ಮೇಲೆ ಕಹಿ ಹೋಯಿತು

ನನ್ನ ಜೊತೆ ವ್ಯಾಪಾರ ಮಾಡುತ್ತಿದ್ದ ಹತ್ತಿರದವನೊಬ್ಬ ಹೆಚ್ಚುಕಡಿಮೆ ಎರಡು ವರ್ಷದ ನನ್ನ ದುಡಿಮೆಯನ್ನು ನುಂಗಿ ಹಾಕಿದ. ಮೇಲಿಂದ, ನಾನೇ ಅವನಿಗೆ ಮೋಸ ಮಾಡಿದೆ ಅಂತ ನಮ್ಮ ಚರ್ಚಿನ ಸಭೆಯವರಿಗೆಲ್ಲ ಹೇಳಿಕೊಂಡು ಬಂದ. ದುಡ್ಡಿಗಿಂತ ಜಾಸ್ತಿ ಸುಟ್ಟಿದ್ದು ಇದು. ಆರೇಳು ವರ್ಷ ಆ ಕಹಿ ನನ್ನೊಳಗೇ ಇತ್ತು. ಈಗ ಇಲ್ಲ. ಅವನಿಂದಾದ ನಷ್ಟಗಳನ್ನೆಲ್ಲ ಪಟ್ಟಿ ಬರೆದು, ಒಂದೊಂದಾಗಿ ಗೀಟು ಎಳೆದು ಕ್ಷಮಿಸಿದೆ. ಈ ರೀತಿಯನ್ನು ಶುರುವಿನಲ್ಲಿ ಯಾರೂ ಒಪ್ಪಲಿಲ್ಲ. "ಇದು ಕ್ಷಮೆ ಅಲ್ಲ, ದ್ವೇಷದ ಪಟ್ಟಿ" ಅಂದರು ಹಿರಿಯರೊಬ್ಬರು. ಅದಕ್ಕೇ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ ಬೇರೆ ದಾರಿಗಳನ್ನೆಲ್ಲ ನೋಡಿದ್ದೆ. ಪ್ರಾರ್ಥನೆ ಕೂಟದಲ್ಲಿ ಅತ್ತು, ಎಲ್ಲ ಬಿಟ್ಟುಕೊಟ್ಟೆ ಅಂದೆ. ಅವನು ಹೊಸ ಗಾಡಿ ತೆಗೆದುಕೊಂಡ ಸುದ್ದಿ ಕೇಳುವ ತನಕ ಅಷ್ಟೇ ಆ ಸಮಾಧಾನ ನಿಂತದ್ದು. ಉಪವಾಸ ಮಾಡಿದರೆ ಹಸಿವಿನ ಜೊತೆ ಸಿಟ್ಟೂ ಏರಿತು. ಕೊನೆಗೆ ಅವನ ಮನೆಗೇ ಹೋಗಿ "ನಿನ್ನನ್ನು ಕ್ಷಮಿಸಿದ್ದೇನೆ" ಅಂದೆ. "ಕ್ಷಮಿಸೋಕೆ ನಾನೇನು ಮಾಡಿದ್ದೀನಿ?" ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ.

ದಾರಿ ಸಿಕ್ಕಿದ್ದು ಬೈಬಲಿನ ಮತ್ತಾಯ 18ನೇ ಅಧ್ಯಾಯದಲ್ಲಿ. ಅಲ್ಲಿ ಯೇಸು ಹೇಳಿದ ಸಾಲಗಾರ ಸೇವಕನ ಸಾಮ್ಯ (ಕಥೆ) ಇದೆ: ಅರಸನು ಒಬ್ಬ ಸೇವಕನಿಗೆ 10,000 ತಲಾಂತು ಸಾಲ ಬಿಟ್ಟುಕೊಟ್ಟ, ಆ ಸೇವಕನೋ ತನಗೆ 100 ದಿನಾರಿ ಕೊಡಬೇಕಿದ್ದ ಜೊತೆ ಸೇವಕನನ್ನು ಬಿಡದೆ ಸೆರೆಗೆ ಹಾಕಿಸಿದ. ದಿನಾರಿ, ತಲಾಂತು ಆ ಕಾಲದ ಹಣದ ಲೆಕ್ಕ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. 10,000 ತಲಾಂತು ಅಂದರೆ 6 ಕೋಟಿ ದಿನದ ಕೂಲಿ. ಪ್ರಸಂಗದಲ್ಲಿ ಎಲ್ಲರೂ ಈ ದೊಡ್ಡ ಮೊತ್ತದ ಬಗ್ಗೆಯೇ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿಕ್ಕ ಮೊತ್ತ, 100 ದಿನಾರಿ. ಅದು ಮೂರು ತಿಂಗಳಿಗೂ ಮೀರಿದ ಕೂಲಿ, ಸುಮ್ನೆ ಮರೆತುಬಿಡುವ ದುಡ್ಡಲ್ಲ. ನಿನಗೆ ಬರಬೇಕಾದದ್ದು ಏನೂ ಇಲ್ಲ ಅಂತ ಕರ್ತನು, ಅಂದರೆ ಯೇಸು, ಎಲ್ಲೂ ಹೇಳಿಲ್ಲ. ಇನ್ನೊಂದು ವಿಷಯ: ಆ ಅರಸ ಸಾಲ ಬಿಡುವ ಮುಂಚೆ ಲೆಕ್ಕ ತೆಗೆಸಿದ. ನಾನು ಲೆಕ್ಕವನ್ನೇ ನೋಡದೆ ಬಿಡೋಕೆ ಹೊರಟಿದ್ದೆ.

ಒಂದು ನೋಟ್‌ಬುಕ್ ತೆಗೆದುಕೊಂಡು, ಒಂದು ಸಾಲಿಗೆ ಒಂದೇ ನಷ್ಟ ಅಂತ ಬರೆದೆ. ದುಡ್ಡು. ಹೋದ ಹೆಸರು. ಹೆಂಡತಿ ಒಡವೆ ಅಡವಿಟ್ಟದ್ದು. ಸಭೆಗೆ ಹೋಗೋಕೆ ನಾಚಿ ಮನೆಯಲ್ಲಿ ಕೂತ ಭಾನುವಾರಗಳು. ಮೂವತ್ತರ ಹತ್ತಿರ ಸಾಲುಗಳಾದವು. ಪ್ರತಿದಿನ 55ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿದೆ. ಅಲ್ಲಿ ನೋವು ಕೊಟ್ಟವನು ವೈರಿಯಲ್ಲ, ಜೊತೆಯಲ್ಲಿ ದೇವಾಲಯಕ್ಕೆ ಹೋಗುತ್ತಿದ್ದ ಗೆಳೆಯ. ಶತ್ರುವಿಗೆ ಶಾಪ ಹಾಕುವ 109ನೇ ಕೀರ್ತನೆಯನ್ನೂ ಓದಿದೆ. ಆ ಶಾಪದ ಮಾತುಗಳನ್ನು ದೇವರ ಮುಂದೆಯೇ ಆಡಬಹುದು ಅಂತ ತಿಳಿದದ್ದೇ ದೊಡ್ಡ ಬಿಡುಗಡೆ. ಅವನ್ನು ನಾನು ಬೇರೆಯವರ ಮುಂದೆ ಆಡುತ್ತಿದ್ದೆ ಅಷ್ಟೇ.

ಆಮೇಲೆ ವಾರಕ್ಕೆ ಒಂದೋ ಎರಡೋ ಸಾಲು ಪ್ರಾರ್ಥನೆಗೆ ತಂದು, ಗೀಟು ಎಳೆದೆ. ಒಟ್ಟಿಗೆ ಎಲ್ಲ ಹೊಡೆದುಹಾಕಬೇಡಿ, ನಿಲ್ಲೋದಿಲ್ಲ. ದುಡ್ಡಿನ ಸಾಲು ಬೇಗ ಹೋಯಿತು. ಹೆಸರಿನ ಸಾಲಿಗೆ ಒಂದು ವರ್ಷವೇ ಹಿಡಿಯಿತೇನೋ. ಗೀಟು ಎಳೆಯುವ ಮುಂಚೆ ನಾನು ಹೇಳುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯೋದಿಲ್ಲ. ಅದು ನನಗೂ ಕರ್ತನಿಗೂ ಇರಲಿ, ನಿಮ್ಮದು ನಿಮಗೆ ಸಿಗುತ್ತದೆ.

ನಡುವೆ, ಎಷ್ಟು ಸಾರಿ ಕ್ಷಮಿಸಬೇಕು ಅಂದದ್ದಕ್ಕೆ ಯೇಸು ಅದೇ ಅಧ್ಯಾಯದಲ್ಲಿ ಹೇಳಿದ "ಏಳೆಪ್ಪತ್ತು ಸಾರಿ"ಯನ್ನು ಲೆಕ್ಕ ಹಿಡಿದು (70 × 7) 490 ಚೌಕ ಹಾಕಿ ಗುರುತು ಮಾಡುತ್ತಾ ಹೋದೆ. ನಲವತ್ತು ದಾಟುವಷ್ಟರಲ್ಲಿ ನಿಲ್ಲಿಸಿದೆ. ಎಣಿಕೆ ಮುಗಿಯೋದನ್ನೇ ಮನಸ್ಸು ಕಾಯುತ್ತಿತ್ತು. ಹಾಳೆ ಸುಟ್ಟೂ ನೋಡಿದೆ, ಪ್ರಯೋಜನವಿಲ್ಲ. ಫಲ ಕೊಟ್ಟದ್ದು ಅವನ ಮಕ್ಕಳ ಓದಿಗಾಗಿ ದಿನಾ ಎರಡೇ ವಾಕ್ಯ ಪ್ರಾರ್ಥಿಸಿದ್ದು. ಮೊದಲ ತಿಂಗಳು ಹಲ್ಲು ಕಚ್ಚಿಕೊಂಡೇ ಹೇಳಿದೆ.

ಹಾಗಾದರೆ ಮತ್ತೆ ಅವನ ಜೊತೆ ವ್ಯಾಪಾರ ಮಾಡ್ತೀಯಾ ಅಂತ ಕೇಳುತ್ತಾರೆ. ಇಲ್ಲ. ಬೈಬಲಿನಲ್ಲಿ, ಅಣ್ಣಂದಿರಿಂದಲೇ 20 ಬೆಳ್ಳಿ ನಾಣ್ಯಕ್ಕೆ ಮಾರಿಹೋದ ಯೋಸೇಫನು ಎಷ್ಟೋ ವರ್ಷದ ಮೇಲೆ ಅವರನ್ನು ಕಂಡು ಮರೆಯಲ್ಲಿ ಅತ್ತ. ಆದರೂ ತಾನು ಯಾರೆಂದು ಹೇಳುವ ಮುಂಚೆ ಅವರಲ್ಲೊಬ್ಬನಾದ ಸಿಮೆಯೋನನನ್ನು ಹಿಡಿದಿಟ್ಟ, ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಪಾನಪಾತ್ರೆ ಇಡಿಸಿದ. ಅವರು ಬದಲಾಗಿದ್ದಾರಾ ಅಂತ ನೋಡಿದ. ನಾನೂ ಸಾಲ ಬಿಟ್ಟಿದ್ದೇನೆ, ಜಾಮೀನು ಸಹಿ ಹಾಕೋದಿಲ್ಲ.

ಹಳೇ ಸಿಟ್ಟು ಈಗಲೂ ಒಮ್ಮೊಮ್ಮೆ ಎದ್ದು ಬರುತ್ತದೆ. ಆಗ ಮತ್ತೆ ಮೊದಲಿಂದ ಶುರು ಮಾಡಬೇಡಿ. ನೋಟ್‌ಬುಕ್ ತೆರೆದು ಅದು ಯಾವ ಸಾಲು ಅಂತ ನೋಡಿ. ಗೀಟು ಎಳೆದಿದ್ದರೆ ಪಕ್ಕದಲ್ಲಿ ಆ ದಿನದ ತಾರೀಕು ಬರೆದು ಮುಚ್ಚಿಡಿ. ಪಟ್ಟಿಯಲ್ಲೇ ಇಲ್ಲದ್ದಾದರೆ ಹೊಸ ಸಾಲು ಸೇರಿಸಿ.