ಶೇಕರ್ ನಿಲ್ಲಿಸಿದ ದಿನ

ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅಂಟಿಕೊಂಡು ಜೀನ್ ದಾಟಿಸುವ ಕಾಂಜುಗೇಶನ್ ಪ್ರಯೋಗ ಮೊದಲ ಸಲ ಮಾಡಿದಾಗ ನನ್ನ ಪ್ಲೇಟಿನಲ್ಲಿ ಒಂದೇ ಒಂದು ಕಾಲೊನಿಯೂ (ಬ್ಯಾಕ್ಟೀರಿಯಾ ಬೆಳೆದ ಚುಕ್ಕೆ) ಬರಲಿಲ್ಲ. ಕಾಗದದ ಮೇಲೆ ಎಲ್ಲ ಸರಿಯಿತ್ತು. ದಾನಿ ಇ. ಕೋಲೈ ಬ್ಯಾಕ್ಟೀರಿಯಾದ ಎಫ್ ಪ್ಲಾಸ್ಮಿಡ್‌ನಲ್ಲಿ (ಕ್ರೋಮೋಸೋಮಿನಿಂದ ಬೇರೆಯಾದ, ಎರಡು ಎಳೆಯ ಡಿಎನ್‌ಎ ಉಂಗುರ) ಕ್ಯಾನಮೈಸಿನ್‌ಗೆ ಜಗ್ಗದ ಜೀನ್. ಗ್ರಾಹಿಯ ಕ್ರೋಮೋಸೋಮಿನಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗದ ಗುಣ. ಬೆರೆಸಿ, ಎರಡೂ ಔಷಧ ಹಾಕಿದ ಅಗಾರ್ ಮೇಲೆ ಹರಡಿದರೆ, ಪ್ಲಾಸ್ಮಿಡ್ ಪಡೆದ ಗ್ರಾಹಿ ಮಾತ್ರ ಬದುಕಬೇಕು.

ಯೋಚಿಸಿದಾಗ ಎರಡು ತಪ್ಪು ಕಂಡವು. ದಾನಿಯನ್ನು ಹಿಂದಿನ ಸಂಜೆಯೇ ಬೆಳೆಯಲು ಇಟ್ಟಿದ್ದೆ. ಬೆಳೆದು ದಣಿದ ಎಫ್ ಕೋಶಗಳು ಗ್ರಾಹಿಯನ್ನು ಹಿಡಿಯುವ ಎಳೆಯಾದ ಪೈಲಸ್ ಚಾಚುವುದೇ ಕಡಿಮೆ. ಜೊತೆಗೆ, ಅಭ್ಯಾಸಬಲದಿಂದ ಮಿಶ್ರಣವನ್ನು ಶೇಕರ್‌ಗೆ ಹಾಕಿ ವೇಗವಾಗಿ ತಿರುಗಿಸಿದ್ದೆ. ಪೈಲಸ್ ಕೂದಲಿಗಿಂತಲೂ ಎಷ್ಟೋ ತೆಳು. ಅದು ಗ್ರಾಹಿಯನ್ನು ಹಿಡಿದು ಹತ್ತಿರ ಎಳೆದುಕೊಂಡು ಎರಡು ಕೋಶಗಳ ಮೈ ಅಂಟಿದ ಮೇಲೆ ತಾನೇ ಕೆಲಸ ಶುರುವಾಗುವುದು! ಒಂದು ಕಿಣ್ವ ಪ್ಲಾಸ್ಮಿಡ್‌ನ ಒಂದು ಎಳೆಯನ್ನು ನಿಗದಿತ ಜಾಗದಲ್ಲಿ ಕತ್ತರಿಸುತ್ತದೆ, ಆ ಎಳೆ ಮಾತ್ರ ಆಚೆ ದಾಟುತ್ತದೆ, ಎರಡೂ ಕಡೆ ಜೊತೆ ಎಳೆ ಹೊಸದಾಗಿ ತಯಾರಾಗುತ್ತದೆ. ಕೊಟ್ಟವನೂ ಕಳೆದುಕೊಳ್ಳುವುದಿಲ್ಲ.

1950ರ ದಶಕದಲ್ಲಿ ಫ್ರಾನ್ಸಿನ ವಿಜ್ಞಾನಿಗಳಾದ ವೋಲ್‌ಮನ್ ಮತ್ತು ಜಾಕೋಬ್ ನನ್ನ ತಪ್ಪನ್ನು ಬೇಕೆಂದೇ ಮಾಡಿದ್ದರು. ಎಫ್ ಕ್ರೋಮೋಸೋಮಿಗೆ ಸೇರಿಕೊಂಡಿದ್ದ ದಾನಿಗಳನ್ನು ಗ್ರಾಹಿಗಳೊಂದಿಗೆ ಬಿಟ್ಟು, ಕೆಲವು ನಿಮಿಷಗಳಿಗೊಮ್ಮೆ ಅಡುಗೆಮನೆಯ ಮಿಕ್ಸರಿನಲ್ಲಿ ತಿರುಗಿಸಿ ಜೋಡಿಗಳನ್ನು ಬಿಡಿಸುತ್ತ, ಯಾವ ಜೀನ್ ಯಾವಾಗ ದಾಟಿತೆಂದು ನೋಡಿದರು. ಇಡೀ ಕ್ರೋಮೋಸೋಮ್ ದಾಟಲು ಸುಮಾರು 100 ನಿಮಿಷ. ಜೀನ್ ನಕ್ಷೆಯನ್ನು ಗಡಿಯಾರದಲ್ಲಿ ಅಳೆದದ್ದು ಹಾಗೆ.

ಎರಡನೇ ಸಲ ದಾನಿಯನ್ನು ಹೊಸ ಮಾಧ್ಯಮಕ್ಕೆ ಹಾಕಿ, ಭರದಿಂದ ಬೆಳೆಯುವಾಗಲೇ ತೆಗೆದೆ. ಒಂದು ಪಾಲು ದಾನಿಗೆ ಹತ್ತು ಪಾಲು ಗ್ರಾಹಿ. ಪಿಪೆಟ್ ಒತ್ತುವಾಗಲೂ ಕೈ ನಿಧಾನ. 37 ಡಿಗ್ರಿಯಲ್ಲಿ ಒಂದು ಗಂಟೆ, ಕದಲಿಸದೆ. ದಾನಿಯೊಂದನ್ನೇ, ಗ್ರಾಹಿಯೊಂದನ್ನೇ ಅದೇ ಅಗಾರ್ ಮೇಲೆ ಬೇರೆ ಬೇರೆ ಹರಡುವುದನ್ನು ಮರೆಯಲಿಲ್ಲ. ಇಲ್ಲದಿದ್ದರೆ ತಾನಾಗಿ ಆದ ರೂಪಾಂತರವನ್ನೇ ಕಾಂಜುಗೇಶನ್ ಎಂದುಕೊಂಡುಬಿಡುತ್ತೇವೆ.

ಮರುದಿನ ಆ ಎರಡೂ ಪ್ಲೇಟ್ ಬೋಳು. ಮಿಶ್ರಣವನ್ನು ಸಾವಿರ ಪಟ್ಟು ತಿಳಿಯಾಗಿಸಿ 0.1 ಮಿಲಿ ಹರಡಿದ್ದರಲ್ಲಿ 86 ಕಾಲೊನಿ. ಅಂದರೆ ಒಂದು ಮಿಲಿಗೆ 8,60,000. ದಾನಿಗಳಿದ್ದದ್ದು ಮಿಲಿಗೆ 2 ಕೋಟಿ. ನೂರಕ್ಕೆ ನಾಲ್ಕು!

ಅದರಲ್ಲೊಂದು ಕಾಲೊನಿಯನ್ನು ಎತ್ತಿ ಬೆಳೆಸಿ, ರಿಫಾಂಪಿಸಿನ್‌ಗೆ ಜಗ್ಗದ ಮೂರನೇ ತಳಿಯ ಜೊತೆ ಹೀಗೇ ಒಂದು ಗಂಟೆ ಬಿಟ್ಟೆ. ಕ್ಯಾನಮೈಸಿನ್, ರಿಫಾಂಪಿಸಿನ್ ಎರಡೂ ಇದ್ದ ಪ್ಲೇಟಿನಲ್ಲಿ ಬೆಳಿಗ್ಗೆ ಮತ್ತೆ ಕಾಲೊನಿಗಳು. ನಿನ್ನೆಯ ಗ್ರಾಹಿ ಆಗಲೇ ದಾನಿಯಾಗಿತ್ತು.