ಸರ್ಪಗಂಧದ ಗೆಣ್ಣಿನಿಂದ ಅಂಗಾಂಶ ಕೃಷಿ

ಕೊಡಗಿನ ಮಳೆಗಾಲದಲ್ಲಿ ಕಾಂಡದ ಮೇಲೆ ಶಿಲೀಂಧ್ರ ಹೆಚ್ಚುವುದರಿಂದ, ಅಂಗಾಂಶ ಕೃಷಿಗೆ, ಅಂದರೆ ಗಿಡದ ಸಣ್ಣ ತುಂಡಿನಿಂದ ಬಾಟಲಿಯೊಳಗೆ ಸಸಿ ಬೆಳೆಸಲು, ಔಷಧೀಯ ಗಿಡವಾದ ಸರ್ಪಗಂಧದ ಎಳೆಯ ಗೆಣ್ಣುಗಳನ್ನು ಬಿಸಿಲಿನ ತಿಂಗಳುಗಳಲ್ಲಿ, ನರ್ಸರಿಯಲ್ಲಿ ಬೆಳೆಸಿದ ತಾಯಿಗಿಡದಿಂದಲೇ ಆರಿಸಿಕೊಳ್ಳಬೇಕು. ಕಾಡಿನ ಗಿಡವನ್ನು ಕೀಳುವುದು ಖಂಡಿತ ಸಲ್ಲದು. ವಿಜ್ಞಾನಿಗಳಾದ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ರೂಪಿಸಿದ ಪೋಷಕ ಮಾಧ್ಯಮಕ್ಕೆ ಲೀಟರಿಗೆ 30 ಗ್ರಾಂ ಸಕ್ಕರೆ, ಅದನ್ನು ಗಟ್ಟಿಯಾಗಿಸುವ ಅಗಾರ್ 8 ಗ್ರಾಂ ಹಾಗೂ ಚಿಗುರೊಡೆಸುವ ಹಾರ್ಮೋನಾದ ಸೈಟೊಕೈನಿನ್ ಅತ್ಯಲ್ಪ ಬೆರೆಸಿ, ಪಿಎಚ್ (ಆಮ್ಲೀಯತೆಯ ಅಳತೆ) 5.8ಕ್ಕೆ ಹೊಂದಿಸಿ, ಒತ್ತಡದ ಹಬೆಯಿಂದ ಕ್ರಿಮಿಶುದ್ಧಗೊಳಿಸುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 20 ನಿಮಿಷ ಇಡಬೇಕು. ಗೆಣ್ಣನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಮೂರು ಬಾರಿ ತೊಳೆದು, ಬಿಳಿಚಿಕೊಂಡ ತುದಿಗಳನ್ನು ಕತ್ತರಿಸಿದ ಮೇಲೆಯೇ ಈ ಮಾಧ್ಯಮದಲ್ಲಿ ನೆಡಬೇಕು. ಚಿಗುರಿದ ಕುಡಿಗಳಿಗೆ ಬೇರೂರಿಸುವ ಹಾರ್ಮೋನಾದ ಆಕ್ಸಿನ್ ಬೆರೆಸಿದ ಮಾಧ್ಯಮದಲ್ಲಿ ಬೇರು ಬರಿಸಬೇಕು.

ನಿಜವಾದ ನಷ್ಟ ಸಂಭವಿಸುವುದು ಸಸಿಯನ್ನು ಬಾಟಲಿಯಿಂದ ಹೊರತಂದಾಗ. ಬೇರಿಗಂಟಿದ ಅಗಾರನ್ನು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ತೊಳೆಯದಿದ್ದರೆ ಬೇರು ಕೊಳೆಯುತ್ತದೆ. ಸಸಿಯನ್ನು ತೆಂಗಿನ ನಾರಿನ ಪುಡಿಯಲ್ಲಿ ಕೂರಿಸಿ, ಪ್ಲಾಸ್ಟಿಕ್ ಹೊದಿಕೆಯನ್ನು ದಿನದಿನಕ್ಕೆ ಸ್ವಲ್ಪವೇ ಸರಿಸುತ್ತ, ನೆರಳಿನಲ್ಲಿ ಹದಗೊಳಿಸಬೇಕು.